ಬಾದಾಮಿ ಇನ್ನ ಮ್ಯಾಲ ನಾವ ತೋರ್ಸೂಣು

ಮೊನ್ನಿ ನಮ್ಮ ಮನಿಗೆ ಬೆಂಗಳೂರಿನ ಬೀಗರು ಬಂದಿದ್ರು. ಮುಂಜಾನಿ ಎಂಟಕ್ಕ ಕಾರು ಹತ್ತಿ ಹೋದವರು ಸಂಜಿ ಏಳಕ್ಕ ತಿರುಗಿ ಬಂದ್ರು. ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳಿ, ಐದೂ ಒಂದ ದಿನದಾಗ ಮುಗಿಸಿದ್ರು. ಕರಕೊಂಡು ಹೋದವರು ನಮ್ಮ ಮನಿ ಗಂಡಸರು. ನಾನು, ನನ್ನ ನೆಗೆಣ್ಣಿ ಮನ್ಯಾಗ ಹೋಳಿಗಿ ಮಾಡಕೋತ ಕುಂತಿದ್ವಿ.

ರಾತ್ರಿ ಆ ಬೀಗಿತ್ತಿ ಅಡಗಿಮನಿಗೆ ಬಂದು ನನ್ನ ಬಾಜೂಕ ಕುಂತು, "ಚೆನ್ನಾಗಿತ್ತು, ಆದ್ರೆ ಯಾವ ಗುಡಿ ಯಾವ ಊರಲ್ಲಿ ನೋಡಿದೆ ಅಂತ ಈಗಲೇ ಕಲಸಿಹೋಗಿದೆ. ನಿಮಗೆ ಬಿಡಿ, ಪಕ್ಕದಲ್ಲೇ ಇದೆ. ನೀವು ಎಷ್ಟು ಸಲ ನೋಡಿದ್ದೀರಿ?" ಅಂದ್ಲು.

ನಾನು ಕೈಯಾಗಿನ ಕಣಕ ಕೆಳಗ ಇಟ್ಟು ಲೆಕ್ಕ ಹಾಕಿದೆ. ಸಾಲ್ಯಾಗ ಇದ್ದಾಗ ಒಮ್ಮೆ, ಲಗ್ನ ಆದ ವರ್ಷ ಒಮ್ಮೆ, ಹೋದ ವರ್ಷ ಅತ್ತಿ ಜೋಡಿ ಒಮ್ಮೆ. ಮೂರ ಸಲ! ಗವಿಗೂ ನಮ್ಮ ಮನಿಗೂ ಬಸ್ಸಿನ್ಯಾಗ ಅರ್ಧಾ ತಾಸಿನ ಹಾದಿ. ನಮ್ಮ ಓಣ್ಯಾಗ ಕೇಳಿದ್ರ ನಂದ ಹೆಚ್ಚು ಅಂತ ಕಾಣ್ತೈತಿ. ಬನಶಂಕರಿ ಜಾತ್ರಿಗೆ ಮಾತ್ರ ಒಂದ ವರ್ಷನೂ ತಪ್ಪಿಸಿಲ್ಲ ಯಾರೂ. ಜಾತ್ರಿ ನಮ್ಮದು, ಗವಿ ಟೂರಿಸ್ಟರದು ಅಂತ ನಾವ ಹಂಚಿಕೊಟ್ಟಬಿಟ್ಟೇವಿ.

ಅದಕ್ಕ ಈ ಸಲ ಬರಿಯಾಕ ಕುಂತೀನಿ. ನನ್ನ ಅಭಿಪ್ರಾಯ ಇಷ್ಟ ಐತಿ: ಬಂದ ಬೀಗರಿಗೆ ನಮ್ಮ ಸೀಮಿ ತೋರಸೂ ಕೆಲಸ ಇನ್ನ ಮ್ಯಾಲ ಮನಿ ಹೆಣ್ಣಮಕ್ಕಳು ಮಾಡಬೇಕು. ಅದಕ್ಕಿಂತ ಮೊದಲ ನಾವು ನೋಡಬೇಕು. ಸಿಟ್ಟಿಗೆದ್ದು ಹೇಳಾಕ್ಹತ್ತಿಲ್ಲ, ಕಾರಣ ಅದಾವ, ಕೇಳ್ರಿ.

ಗಂಡಸರು ತೋರಿಸಿದ್ರ ಹೆಂಗ ತೋರಸ್ತಾರ ನೋಡ್ರಿ. "ಇಲ್ಲಿ ಪುಲಿಕೇಶಿ ಇದ್ದ. ಹರ್ಷನ್ನ ಸೋಲಿಸಿದ. ಆಮ್ಯಾಲ ಪಲ್ಲವರು ಬಂದು ಊರು ಸುಟ್ಟರು. ನಡೀರಿ, ಹೊತ್ತಾತು." ಖರೇನ, ಅದೆಲ್ಲಾ ಇತಿಹಾಸದಾಗ ಐತಿ. 543ರಾಗ ಮೊದಲನೇ ಪುಲಿಕೇಶಿ ಈ ಗುಡ್ಡದ ಮ್ಯಾಲ ಕ್ವಾಟಿ ಕಟ್ಟಿದ. ಇಮ್ಮಡಿ ಪುಲಿಕೇಶಿ ಹರ್ಷನ್ನ ತಡದು ನಿಲ್ಲಿಸಿದ. 642ರಾಗ ಪಲ್ಲವರ ನರಸಿಂಹವರ್ಮ ಬಂದು ವಾತಾಪಿ ಗೆದ್ದ, ಇದ ಊರಿನ ಕಲ್ಲಿನ ಮ್ಯಾಲ ತನ್ನ ಹೆಸರು ಬರಿಸಿ ಹೋದ. ಆದ್ರ ಇಷ್ಟ ಹೇಳಿ ಕಾರು ಹತ್ತಿದ್ರ ಬಂದವರ ತಲ್ಯಾಗ ಬರೇ ಬಡದಾಟ ಉಳಿತೈತಿ. ಇದ ಕಲ್ಲಿನ ಮ್ಯಾಲ ನಮ್ಮಂಥಾ ಹೆಣ್ಣಮಕ್ಕಳ ಹೆಸರು, ನಮ್ಮ ಹಾಡಿನ ಮಟ್ಟು, ನಾವು ಕೂಸಿಗೆ ಹೇಳೂ ಮಾತು ಎಲ್ಲಾ ಅದಾವ. ಅವನ್ನ ಯಾರು ತೋರಸಬೇಕು?

ಕೂಸಿಗೆ ಉಣಿಸಿ ಹೊಟ್ಟಿ ಮ್ಯಾಲ ಕೈ ಆಡಿಸಿ "ವಾತಾಪಿ ಜೀರ್ಣೋಭವ" ಅಂತೀವಲ್ಲ, ಆ ವಾತಾಪಿ ಬ್ಯಾರೆ ಯಾವುದೂ ಅಲ್ಲ, ನಮ್ಮ ಬಾದಾಮಿ. ಇಲ್ವಲ, ವಾತಾಪಿ ಅಂತ ಇಬ್ಬರು ರಾಕ್ಷಸರು. ತಮ್ಮ ಟಗರು ಆಗ್ತಿದ್ದ, ಅಣ್ಣ ಅದನ್ನ ಅಡಗಿ ಮಾಡಿ ದಾರಿಹೋಕರಿಗೆ ಉಣಸ್ತಿದ್ದ. ಉಂಡ ಮ್ಯಾಲ "ವಾತಾಪಿ ಬಾ" ಅಂದ್ರ ಹೊಟ್ಟಿ ಸೀಳಿಕೊಂಡು ಬರ್ತಿದ್ದ. ಅಗಸ್ತ್ಯರು ಉಂಡು, ಹೊಟ್ಟಿ ಸವರಿ, ಅಲ್ಲೇ ಅರಗಿಸಿಬಿಟ್ರು. ಅವರ ಹೆಸರಿನ್ಯಾಗ ಗುಡ್ಡದ ನಡುವ ಅಗಸ್ತ್ಯತೀರ್ಥ ಹೊಂಡ ಐತಿ. ಬಂದ ಬೀಗರ ಮಕ್ಕಳಿಗೆ ಈ ಕಥಿ ಹೇಳಿ ಹೊಂಡ ತೋರಿಸ್ರಿ, ಆ ಮಕ್ಕಳು ಬಾದಾಮಿ ಮರಿಯೂದಿಲ್ಲ.

ಇನ್ನ ಗವಿ. ನಾಕು ಗವಿ, ಮೆಟ್ಲು ಹತ್ತಿಕೋತ ಹೋದಂಗ ಒಂದರ ಮ್ಯಾಲ ಒಂದು. ಮೊದಲನೇದು ಶಿವಂದು. ಬಾಗಲದಾಗ ಹದಿನೆಂಟು ಕೈಯಿನ ನಟರಾಜ. ಎರಡು, ಮೂರು ವಿಷ್ಣುಂದು. ನಾಕನೇದು ಜೈನರದು. ಮೂರನೇದು ದೊಡ್ಡದು, ಅದರಾಗ ಕೆತ್ತಿದ ಇಸವಿ ಐತಿ, ಶಕ 500, ಅಂದ್ರ 578. ಮಂಗಳೇಶ ಮಾಡಿಸಿದ್ದು. ಎಲ್ಲಾರೂ ಅಲ್ಲಿ ದೊಡ್ಡ ವಿಷ್ಣುನ್ನ, ವರಾಹನ್ನ, ನರಸಿಂಹನ್ನ ನೋಡಿ ಫೋಟೋ ತಗೊಂಡು ಹೊಳ್ಳತಾರ. ನೀವು ಹಂಗ ಮಾಡಬ್ಯಾಡ್ರಿ. ಕಂಬದ ಮ್ಯಾಲಿನ ಆಸರದಾಗ ಗಂಡ ಹೆಂಡತಿ ಜೋಡಿ ಜೋಡಿ ನಿಂತಾರ, ತಲಿ ಎತ್ತಿ ಅವರನ್ನ ನೋಡ್ರಿ. ಆ ತುರುಬು ಕಟ್ಟಿದ್ದು ನೋಡ್ರಿ, ನಡುವಿನ ಡಾಬು ನೋಡ್ರಿ, ಗಂಡನ ಹೆಗಲ ಮ್ಯಾಲ ಕೈ ಹಾಕಿ ನಿಂತ ಧಾಟಿ ನೋಡ್ರಿ. ನಮ್ಮ ಓಣ್ಯಾಗ ಹಂಗ ನಿಂತ್ರ ಎಂಟು ದಿನ ಮಾತಾಡ್ತಿದ್ರು!

ಮಂಗ್ಯಾನ ಕಾಟ ಐತಿ. ಬಾಳಿಹಣ್ಣು, ಪ್ಲಾಸ್ಟಿಕ್ ಚೀಲ ಕೈಯಾಗ ಹಿಡಕೊಂಡು ಮ್ಯಾಲ ಹೋಗಬ್ಯಾಡ್ರಿ. ಬ್ಯಾಸಿಗ್ಯಾಗ ಹತ್ತರ ಮ್ಯಾಲ ಕಲ್ಲು ಕಾದು ಕಾಲು ಇಡಾಕ ಆಗೂದಿಲ್ಲ. ಮುಂಜಾನಿ ಬಾಗಲ ತಗದ ಕೂಡಲೇ ಹತ್ತಬೇಕು.

ಗವಿ ಇಳದು ಹೊಂಡದ ದಂಡಿಗುಂಟ ಹೋದ್ರ ಮ್ಯೂಸಿಯಂ ಐತಿ. ಶುಕ್ರವಾರ ಬಂದ್ ಇರ್ತೈತಿ, ಮಂದಿ ಇದನ್ನ ಕೇಳದ ಹೋಗಿ ಹೊಳ್ಳಿ ಬರ್ತಾರ. ಒಳಗ ಲಜ್ಜಾಗೌರಿ ಮೂರ್ತಿ ಐತಿ, ನಾಗನಾಥಕೊಳ್ಳದಾಗ ಸಿಕ್ಕಿದ್ದು. ತಲಿ ಇದ್ದಲ್ಲಿ ಕಮಲದ ಹೂವು, ಹಡಿಯಾಕ ಕುಂತಂಗ ಕುಂತಾಳ. ಗಂಡಸರು ಮುಂದ ಇದ್ರ ನಾವೂ ಮಾರಿ ಹೊಳ್ಳಿಸಿ ಮುಂದ ಹೋಗ್ತೀವಿ, ಅವರೂ ಕೆಮ್ಮಿ ಮುಂದ ಹೋಗ್ತಾರ. ಮಕ್ಕಳಾಗಲಿ, ಬೆಳಿ ಬರಲಿ ಅಂತ ಬೇಡಿಕೊಂಡು ಪೂಜಿ ಮಾಡಿದ ತಾಯಿ ಆಕಿ. ನಾಕು ಹೆಣ್ಣಮಕ್ಕಳು ಕೂಡಿ ಹೋದ್ರ ಆಕಿ ಮುಂದ ಆರಾಮ ನಿಂತು ನೋಡಬಹುದು. ನಾವು ಕೂಡೇ ಹೋಗಬೇಕು ಅನ್ನೂದಕ್ಕ ಇದೂ ಒಂದು ಕಾರಣ.

ಅಲ್ಲಿಂದ ಮುಂದ ಬಂಡಿಗಲ್ಲಿನ ಮ್ಯಾಲ ಕಪ್ಪೆ ಅರಭಟ್ಟನ ಶಾಸನ. ಸುಮಾರು 700ನೇ ಇಸವಿದು ಅಂತಾರ. ಆತ ಯಾರೋ ಒಬ್ಬ ವೀರ, ಒಳ್ಳೆ ಮಂದಿಗೆ ಬೇಕಾದಂವ, ಕೆಟ್ಟ ಮಂದಿಗೆ ಯಮ ಅಂತ ಹೊಗಳಿ ಬರದಾರ. ಇದರಾಗ ನಮಗೇನು ಅಂತೀರಿ? ಅದು ತ್ರಿಪದಿ. ಮೂರು ಸಾಲಿನ ಪದ. ಕನ್ನಡದಾಗ ಸಿಕ್ಕಿರೂ ತ್ರಿಪದಿ ಒಳಗ ಎಲ್ಲಾಕಿಂತ ಹಳೇದು ಅಂತ ಓದಿದವರು ಹೇಳ್ತಾರ. ನಮ್ಮ ಅವ್ವಂದಿರು ಬೀಸೂಕಲ್ಲಿನ ಮುಂದ ಕುಂತು, ಕುಟ್ಟಕೋತ, ತೊಟ್ಟಿಲ ತೂಗಕೋತ ಹಾಡಿದ್ದು ಅದ ತ್ರಿಪದಿ!

ಇಲ್ಲಿ ನಮ್ಮ ಅತ್ತಿ ಮಾತು ಹೇಳಲೇಬೇಕು.

ಅತ್ತಿ ಹದಿನಾರನೇ ವರ್ಷಕ್ಕ ಈ ಮನಿಗೆ ಬಂದಾಕಿ. ಐವತ್ತು ವರ್ಷದ ಮ್ಯಾಲ ಆತು. ಪ್ರತಿ ಬನದ ಹುಣ್ಣಿಮಿಗೆ ಬಾದಾಮಿ ಬಸ್ ಸ್ಟ್ಯಾಂಡಿನ್ಯಾಗ ಇಳದು ಬನಶಂಕರಿ ಬಸ್ ಹತ್ತಿದಾಕಿ. ನಿಂತಲ್ಲಿಂದ ಕೆಂಪು ಗುಡ್ಡ ಕಾಣ್ತಾವ. ಒಮ್ಮೆನೂ ಗವಿ ಹತ್ತಿದ್ದಿಲ್ಲ. ಮೊದಲ ಸಣ್ಣ ಮಕ್ಕಳು, ಆಮ್ಯಾಲ ದನ, ಆಮ್ಯಾಲ ಹೊಲದ ಸುಗ್ಗಿ, ಆಮ್ಯಾಲ ಮಾವನ ಆರಾಮಿಲ್ಲದ್ದು. ನಾನು ಬಂದ ಮ್ಯಾಲ ಎಷ್ಟ ಸಲ ಅಂದೀನೋ, "ಅತ್ತಿ, ಮುಂದಿನ ವರ್ಷ ಹೋಗೂಣು" ಅಂತ. ಅದಕ್ಕ ಇದು ಬರೇ ಗಂಡಸರ ತಪ್ಪಲ್ಲ, ನಂದೂ ಐತಿ. ಬೀಗರು ಬಂದಾಗ ಕಾರಿನ್ಯಾಗ ಒಂದ ಸೀಟು ಖಾಲಿ ಇದ್ರ, ಅತ್ತಿನ್ನ ಕರಕೊಂಡು ಹೋಗ್ರಿ ಅನ್ನಾಕ ನನಗೂ ಹೊಳದಿದ್ದಿಲ್ಲ. ಅತ್ತಿ ಇದ್ರ ಮಧ್ಯಾಹ್ನದ ಅಡಗಿ ಹಗರ ಆಗ್ತಿತ್ತು ನೋಡ್ರಿ, ಅದಕ್ಕ.

ಹೋದ ವರ್ಷ ಕರಕೊಂಡು ಹೋದೆ. ಎಂಟ ಮೆಟ್ಲಕ್ಕ ಮೊಳಕಾಲು ಹಿಡೀತು. "ನೀವು ಹೋಗಿಬರ್ರಿ, ನಾ ಹೊಂಡದ ಕಟ್ಟಿ ಮ್ಯಾಲ ಕುಂದರ್ತೀನಿ" ಅಂದ್ಲು. ಅಲ್ಲಿ ಅರಿವಿ ಒಗಿಯಾಕ ಬಂದ ಹೆಣ್ಣಮಕ್ಕಳ ಜೋಡಿ ಮಾತಾಡಕೋತ ಕುಂತ್ಲು. ನಾನು, ಮಗಳು ಎಲ್ಲಾ ನೋಡಿ ಬಂದು ಆಕಿ ಬಾಜೂಕ ಕುಂತು, "ಅತ್ತಿ, ಅಲ್ಲಿ ಕಲ್ಲಿನ ಮ್ಯಾಲ ಪದ ಬರದಾರ. ನಿಮ್ಮ ಬೀಸೂ ಪದದಂಗ ಮೂರ ಸಾಲಿಂದು. ಸಾವಿರದ ಮುನ್ನೂರು ವರ್ಷದ್ದು" ಅಂದೆ.

ಅತ್ತಿ ಒಂದೀಟು ಸುಮ್ಮಕಾದ್ಲು. ಆಮ್ಯಾಲ "ಹೆಣ್ಣಮಕ್ಕಳು ಬರದಿದ್ದೇನ?" ಅಂದ್ಲು.

ಇಲ್ಲ, ಒಬ್ಬ ಗಂಡಾಳಿನ ಮ್ಯಾಲ ಬರದದ್ದು ಅಂದೆ.

"ಮಟ್ಟು ಮತ್ತ ನಮ್ಮದ ಅಲ್ಲನ? ಹಾಂಗಾರ ಅವ ಎಲ್ಲೋ ಅವರವ್ವ ಬೀಸೂದು ಕೇಳಿರಬೇಕು" ಅಂದ್ಲು. ಅಂದು, ಅಲ್ಲೇ ಕಟ್ಟಿ ಮ್ಯಾಲ, ಸಣ್ಣ ದನಿಲೇ ಒಂದು ಪದ ಹಾಡಿದ್ಲು. ಒಗಿಯೂ ಹೆಣ್ಣಮಕ್ಕಳೊಳಗ ಒಬ್ಬಾಕಿ ಮುದುಕಿ ಕೈಯಾಗಿನ ಅರಿವಿ ಬಿಟ್ಟು ಮೂರನೇ ಸಾಲಿಗೆ ದನಿ ಕೂಡಿಸಿದ್ಲು.

ಅತ್ತಿ ಅಂದದ್ದು ಖರೇನೋ ಸುಳ್ಳೋ, ಅದನ್ನ ಪಂಡಿತರು ಹೇಳಲಿ. ಆದ್ರ ನಾನು ಸಾಲ್ಯಾಗ ಆ ಶಾಸನದ ಹೆಸರು ಬಾಯಿಪಾಠ ಮಾಡಿದ್ದೆ, ಪರೀಕ್ಷಾದಾಗ ಬರದಿದ್ದೆ. ಅದಕ್ಕೂ ನಮ್ಮ ಮನಿ ಬೀಸೂಕಲ್ಲಿಗೂ ಸಂಬಂಧ ಐತಿ ಅಂತ ಯಾರೂ ಹೇಳಿದ್ದಿಲ್ಲ, ನನಗೂ ಹೊಳದಿದ್ದಿಲ್ಲ. ಅವತ್ತು ಹೊಳೀತು. ಅಷ್ಟೊತ್ತಿಗೆ ಅತ್ತಿ ಅದನ್ನ ಹೋಗಿ ನೋಡೂ ವ್ಯಾಳ್ಯಾ ಮುಗದಿತ್ತು.

ಇನ್ನ ಪಟ್ಟದಕಲ್ಲು. ಬಾದಾಮಿಯಿಂದ 22 ಕಿಲೋಮೀಟರ ಹಾದಿ. ಮಲಪ್ರಭಾ ಹೊಳಿ ಅಲ್ಲಿ ಉತ್ತರಕ್ಕ ಹರೀತೈತಿ, ಅದಕ್ಕ ಪುಣ್ಯದ ಜಾಗ ಅಂತ ರಾಜರು ಅಲ್ಲಿ ಪಟ್ಟ ಕಟ್ಟಿಸಿಕೊಂತಿದ್ರು. 1987ರಾಗ ಯುನೆಸ್ಕೊದವರು ಜಗತ್ತಿನ ಪಾರಂಪರಿಕ ತಾಣ ಅಂತ ಪಟ್ಟಿಗೆ ಸೇರಿಸಿದ್ರು. 2019ರ ಮಹಾಪೂರದಾಗ ನೀರು ಗುಡಿ ಒಳಗೂ ನುಗ್ಗಿತ್ತು, ನಿಮಗೆಲ್ಲಾ ನೆನಪೈತಿ.

ಅಲ್ಲಿ ದೊಡ್ಡ ಗುಡಿ ವಿರೂಪಾಕ್ಷಂದು. ಇಂದಿಗೂ ಪೂಜಿ ನಡೀತೈತಿ. ಕಟ್ಟಿಸಿದಾಕಿ ಲೋಕಮಹಾದೇವಿ, ಇಮ್ಮಡಿ ವಿಕ್ರಮಾದಿತ್ಯನ ರಾಣಿ. ಗಂಡ ಕಂಚಿ ಗೆದ್ದ ನೆನಪಿಗೆ ಕಟ್ಟಿಸಿದ್ಲು. ಆಗ ಅದರ ಹೆಸರು ಲೋಕೇಶ್ವರ, ಆಕಿ ಹೆಸರಿನ ಗುಡಿ. ಮಗ್ಗಲದಾಗ ಮಲ್ಲಿಕಾರ್ಜುನ ಗುಡಿ ಐತಿ, ಅದನ್ನ ಕಟ್ಟಿಸಿದಾಕಿ ತ್ರೈಲೋಕ್ಯಮಹಾದೇವಿ. ಆಕಿ ಲೋಕಮಹಾದೇವಿ ತಂಗಿ, ಅದ ರಾಜನ ಇನ್ನೊಬ್ಬ ರಾಣಿ. ಅಕ್ಕ ತಂಗಿ ಸವತ್ಯಾರಾಗಿ, ಬಾಜೂಕ ಬಾಜೂಕ ಎರಡು ಗುಡಿ ಎಬ್ಬಿಸಿದ್ರು. ಅವರ ನಡುವ ಏನಿತ್ತೋ, ಪ್ರೀತಿನೋ ಪೈಪೋಟಿನೋ, ನಮಗ ಯಾರು ಹೇಳಬೇಕು. ಗುಡಿ ಮಾತ್ರ ಒಂದನ್ನೊಂದು ನೋಡಿ ಹೊಟ್ಟಿಕಿಚ್ಚು ಪಡೂವಷ್ಟು ಚಂದ ಅದಾವ. ನಮ್ಮ ಗಂಡಸರು "ವಿಕ್ರಮಾದಿತ್ಯ ಕಟ್ಟಿಸಿದ್ದು" ಅಂತ ಹೇಳಿ ಮುಗಸ್ತಾರ.

ಕಂಬದ ಮ್ಯಾಲ ರಾಮಾಯಣ, ಮಹಾಭಾರತ ಕೆತ್ತ್ಯಾರ. ಮಕ್ಕಳಿಗೆ ಕಥಿ ಗುರ್ತ ಹಿಡಿಯಾಕ ಹೇಳ್ರಿ. ಗುಡಿ ಶಿಖರದಾಗ ಎರಡು ನಮೂನಿ ಅದಾವ. ಒಂದು ತೆನಿ ಹಂಗ ಬಾಗಿ ಏರಿದ್ದು, ಅದು ಬಡಗಣ ನಾಡಿನ ನಾಗರ ಶೈಲಿ. ಇನ್ನೊಂದು ಡಬ್ಬಿ ಮ್ಯಾಲ ಡಬ್ಬಿ ಪೇರಿಸಿದಂಗ ಮೆಟ್ಲ ಮೆಟ್ಲ ಏರಿದ್ದು, ಅದು ತೆಂಕಣದ ದ್ರಾವಿಡ ಶೈಲಿ. ಎರಡೂ ಒಂದ ಅಂಗಳದಾಗ ಐತಿ ಅಂತ ಹೊರಗಿನವರು ದೂರದಿಂದ ಬಂದು ನೋಡ್ತಾರ.

ಮಹಾಕೂಟದಾಗ ಇನ್ನೂ ಒಂದು ಕಥಿ ಐತಿ. ಅಲ್ಲಿ ಊಟಿ ನೀರಿನ ಹೊಂಡದಾಗ ನಾವೆಲ್ಲಾ ಜಳಕ ಮಾಡೇವಿ, ಕಾಯಿ ಒಡದೇವಿ. ಗುಡಿ ಕಂಬದ ಮ್ಯಾಲ ವಿನಾಪೋಟಿ ಅನ್ನಾಕಿ ಹೆಸರು ಐತಿ. ಆಕಿ ಅರಸ ವಿಜಯಾದಿತ್ಯನ ಪ್ರಾಣವಲ್ಲಭಿ. ದೇವರಿಗೆ ಮಾಣಿಕದ ಪೀಠ, ಬೆಳ್ಳಿ ಕೊಡಿ, ಹೊಲ ಕೊಟ್ಟದ್ದನ್ನ ಬರಸ್ಯಾಳ. ಬರಸೂವಾಗ ಅಪ್ಪನ ಹೆಸರು ಹಾಕಿಲ್ಲ. ತನ್ನ ಅವ್ವನ ಹೆಸರು, ಅವ್ವನ ಅವ್ವನ ಹೆಸರು ಹಾಕ್ಯಾಳ. ಮೂರು ತಲಿಮಾರು ಹೆಣ್ಣಮಕ್ಕಳು ಒಂದ ಕಂಬದ ಮ್ಯಾಲ! ನಮ್ಮ ಮನ್ಯಾಗ ಹಿರೇರ ಹೆಸರು ಕೇಳಿದ್ರ ಗಂಡಸರ ಹೆಸರು ಏಳು ತಲಿಮಾರು ಬರ್ತಾವ. ನಮ್ಮ ಅಜ್ಜಿ ಅವ್ವನ ಹೆಸರು ನನಗ ಇಂದಿಗೂ ಬರೂದಿಲ್ಲ. ಕೇಳಾಕ ಯಾರೂ ಉಳದಿಲ್ಲ.

ಐಹೊಳಿಗೆ ಮಧ್ಯಾಹ್ನ ಊಟ ಆದ ಮ್ಯಾಲ ಹೋಗ್ರಿ. ಪರಶುರಾಮ ಕೊಡ್ಲಿ ತೊಳದಾಗ ಹೊಳಿ ಕೆಂಪಾತು, ನೀರಿಗೆ ಬಂದ ಹೆಣ್ಣಮಗಳು "ಅಯ್ಯಯ್ಯೋ ಹೊಳಿ" ಅಂತ ಚೀರಿದ್ಲು, ಅದಕ್ಕ ಆ ಹೆಸರು ಅಂತ ನಮ್ಮ ಹಿರೇರು ಹೇಳ್ತಿದ್ರು. ಊರು ತುಂಬ ಗುಡಿ, ನೂರಕ್ಕೂ ಹೆಚ್ಚು. ದುರ್ಗದ ಗುಡಿ ಹಿಂಬದಿ ಆನಿ ಬೆನ್ನಿನಂಗ ಗುಂಡಗ ಐತಿ. ಅದು ದುರ್ಗಿ ಗುಡಿ ಅಲ್ಲ, ದುರ್ಗ ಅಂದ್ರ ಕ್ವಾಟಿ, ಕ್ವಾಟಿ ಬಾಜೂಕಿನ ಗುಡಿ. ಲಾಡಖಾನ ಗುಡ್ಯಾಗ ಹಿಂದಕ ಆ ಹೆಸರಿನಂವ ಸಂಸಾರ ಹೂಡಿದ್ದ, ಅದಕ್ಕ ಆ ಹೆಸರು. ಗುಡ್ಡದ ಮ್ಯಾಲಿನ ಮೇಗುತಿ ಜೈನಗುಡ್ಯಾಗ ರವಿಕೀರ್ತಿ 634ರಾಗ ಬರದ ಶಾಸನ ಐತಿ. ಹರ್ಷ ಸೋತ ಕಥಿ ಅದರಾಗ ಸಿಗ್ತೈತಿ, ಕಾಳಿದಾಸನ ಹೆಸರೂ ಐತಿ.

ಈಗ ನೀವು ಅನ್ನೂದು ನನಗ ಗೊತ್ತೈತಿ. "ಅಲ್ಲವಾ, ನಾವು ಊರು ತೋರಿಸಿದ್ರ ಅಡಗಿ ಯಾರು ಮಾಡಬೇಕು?" ಬುತ್ತಿ ಕಟ್ಟೂಣು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಚಟ್ನಿ, ಎಣ್ಣಿಬದನಿಕಾಯಿ, ಮೊಸರು. ಬೆಂಗಳೂರು, ಪುಣೆಯಿಂದ ಬಂದವರು ಹೋಳಿಗಿ ಅವರ ಊರಾಗೂ ಉಣ್ತಾರ. ಗಿಡದ ನೆಳ್ಳಾಗ ಕುಂತು ನಮ್ಮ ರೊಟ್ಟಿ ಬುತ್ತಿ ಬಿಚ್ಚೂದು ಎಲ್ಲಿ ಸಿಗ್ತೈತಿ? ಗುಡಿ ಹೊರಗ ಉಣ್ರಿ, ಎಲಿ, ಕಾಗದ ಎತ್ತಿಕೊಂಡು ಬರ್ರಿ, ಅಷ್ಟ.

"ಗೈಡ್ ಅದಾರಲ್ಲ" ಅಂತೀರಿ. ಅದಾರ, ನಮಗಿಂತ ಹೆಚ್ಚು ಗೊತ್ತೈತಿ ಅವರಿಗೆ. ಮೊದಲನೇ ಸಲ ಅವರನ್ನ ತಗೊಳ್ರಿ, ಕಿವಿಗೊಟ್ಟು ಕೇಳ್ರಿ, ಪ್ರಶ್ನಿ ಕೇಳ್ರಿ. ರಾಣ್ಯಾರ ಹೆಸರು ಎಲ್ಲಿ ಬರದೈತಿ ತೋರಸ್ರಿ ಅಂತ ಕೇಳಿದ್ರ ಅವರಿಗೂ ಖುಷಿ ಆಗ್ತೈತಿ, ನಾ ಕಂಡೀನಿ.

"ಒಡದ ಕಲ್ಲು, ಏನ ನೋಡೂದು" ಅಂತ ನಮ್ಮ ಎದುರಮನಿ ಅಕ್ಕಾರು ಯಾವಾಗಲೂ ಅಂತಾರ. ಅಕ್ಕಾರ, ನಿಮ್ಮ ಟ್ರಂಕಿನ್ಯಾಗ ನಿಮ್ಮ ಅವ್ವನ ಇಳಕಲ್ ಸೀರಿ ಐತಿ. ಸೆರಗು ಹರದೈತಿ, ಬಣ್ಣ ಹೋಗೈತಿ. ಅದನ್ನ ಯಾಕ ಇಟ್ಕೊಂಡೀರಿ?

ಸೀರಿ ಮಾತು ಬಂತು ಅಂತ ಹೇಳ್ತೀನಿ, ಬೀಗರಿಗೆ ಒಂದು ದಿನ ಹೆಚ್ಚು ಇದ್ರ ಗುಳೇದಗುಡ್ಡಕ್ಕ ಕರಕೊಂಡು ಹೋಗಿ ಖಣ ನೇಯೂ ಮಗ್ಗ ತೋರಸ್ರಿ. ಇಳಕಲ್ಲಿನ್ಯಾಗ ಟೋಪಿ ತೆನಿ ಸೆರಗನ್ನ ಮೈಗೆ ಕೊಂಡಿ ಹಾಕಿ ಕೂಡಿಸೂದು ತೋರಸ್ರಿ, ಎಳಿಗೆ ಎಳಿ ಕೂಡಸ್ತಾರ. ಹಾದಿಮ್ಯಾಲ ಅಮೀನಗಡದ ಕರದಂಟು ತಗೊಳ್ರಿ. ಕೂಡಲಸಂಗಮದಾಗ ಕೃಷ್ಣಾ, ಮಲಪ್ರಭಾ ಕೂಡೂದು ನೋಡಿ, ಬಸವಣ್ಣನ ಐಕ್ಯಮಂಟಪಕ್ಕ ಕೈ ಮುಗದು ಬರ್ರಿ. ಬನದ ಹುಣ್ಣಿಮಿ ಹೊತ್ತಿಗೆ ಬಂದವರಿಗೆ ಬನಶಂಕರಿ ಪಲ್ಯದ ಹಬ್ಬ ತೋರಸ್ರಿ, 108 ನಮೂನಿ ಪಲ್ಯ ತಾಯಿಗೆ ನೈವೇದ್ಯ. ರಾತ್ರಿ ಕಂಪನಿ ನಾಟಕ ನೋಡದ ಕಳಿಸಬ್ಯಾಡ್ರಿ.

ಹಿಂಗ ನೋಡಿದ್ರ ಕಮ್ಮೀತ್ ಕಮ್ಮಿ ಎರಡು ದಿನ ಬೇಕು. ಒಂದು ದಿನ ಬಾದಾಮಿ, ಬನಶಂಕರಿ. ಇನ್ನೊಂದು ದಿನ ಮಹಾಕೂಟ, ಪಟ್ಟದಕಲ್ಲು, ಐಹೊಳಿ. ಒಂದ ದಿನ ಇದ್ರ ಒಂದ ಊರು ತೋರಸ್ರಿ, ಐದು ಊರು ಓಡಸಬ್ಯಾಡ್ರಿ. ಉಳದದ್ದಕ್ಕ ಮತ್ತ ಬರ್ತಾರ.

ಮನ್ಯಾಗ ಈ ಮಾತು ಎತ್ತಿದಾಗ ನಮ್ಮವರು ಒಂದ ಗಳಿಗಿ ಸುಮ್ಮಕಿದ್ದು, "ಹಾಂಗಾರ ಆವತ್ತು ನಾ ಅನ್ನ ಸಾರು ಮಾಡಿ ಇಟ್ಟಿರ್ತೀನಿ" ಅಂದ್ರು. ಮಾಡ್ತಾರೋ ಬಿಡ್ತಾರೋ, ಮಾತು ಅಂತೂ ಬಂತು.

ನಾನು ಇದನ್ನ ಬರಿಯೂದು ಕಂಡು ಅತ್ತಿ ಏನ ಬರಿಯಾಕ್ಹತ್ತಿ ಅಂತ ಕೇಳಿದ್ಲು. ಓದಿ ಹೇಳಿದೆ. ಎಲ್ಲಾ ಕೇಳಿ, "ಆ ಅಕ್ಕ ತಂಗಿ ಗುಡಿಗೆ ಮೆಟ್ಲು ಎಷ್ಟ ಅದಾವ?" ಅಂದ್ಲು. ಪಟ್ಟದಕಲ್ಲು ಸಪಾಟ ಬಯಲು, ಗವಿ ಹಂಗ ಗುಡ್ಡ ಹತ್ತೂದಿಲ್ಲ, ಗುಡಿ ಬಾಗಲಕ್ಕ ನಾಕು ಮೆಟ್ಲಿಗೆ ಕೈ ಹಿಡೀತೀವಿ ಅಂದೆ.

ಮುಂದಿನ ಐತವಾರ ಹೊಂಟೀವಿ. ಮುಂದಿನ ವರ್ಷ ಅಲ್ಲ, ಮುಂದಿನ ಐತವಾರ. ಟಂಟಂದಾಗ ಇನ್ನ ಮೂರು ಮಂದಿಗೆ ಜಾಗಾ ಐತಿ. ಬರಾಕಿದ್ದವರು ಶನಿವಾರ ಸಂಜಿ ಒಳಗ ಹೇಳ್ರಿ. ರೊಟ್ಟಿ ನಿಮ್ಮವು ನೀವು ತರ್ರಿ, ಹಿಂಡಿ, ಮೊಸರು ನಾ ತರ್ತೀನಿ.